ಈರಬಸಪ್ಪ ಕಾಕಾರ ಕಸದ ಲೇಯರ್

ಈರಬಸಪ್ಪ ಕಾಕಾ ಹಗಲು ಹೊತ್ತಿನಲ್ಲಿ ಒಂದು ಗೆರೆಯನ್ನೂ ಅಳಿಸುತ್ತಿರಲಿಲ್ಲ. ತಪ್ಪು ಗೆರೆ ಕಂಡರೆ ಅದಕ್ಕೊಂದು ನೀಲಿ ಪೆನ್ಸಿಲಿನ ಸುತ್ತು ಹಾಕಿ ಹಾಗೇ ಬಿಡುತ್ತಿದ್ದರು. ಸಂಜೆ ನಾಲ್ಕರ ಚಹಾ ಆದಮೇಲೆ ಕನ್ನಡಕ ಒರೆಸಿಕೊಂಡು, ದಾಡಿಯ ಬ್ಲೇಡನ್ನು ಅರ್ಧಕ್ಕೆ ಮುರಿದು, ಅಂದಿನ ನೀಲಿ ಸುತ್ತುಗಳನ್ನೆಲ್ಲ ಇನ್ನೊಮ್ಮೆ ನೋಡಿ, ಆಮೇಲೆ ಟ್ರೇಸಿಂಗ್ ಹಾಳೆಯ ಮೇಲಿನ ಶಾಯಿಯನ್ನು ಕೆರೆದು ತೆಗೆಯುತ್ತಿದ್ದರು.

"ಮುಂಜಾನೆ ತಪ್ಪು ಅನಿಸಿದ್ದು ಸಂಜೀಕ ಬರೋಬ್ಬರಿ ಅನಸ್ತದ, ತಂಗಿ. ಅಷ್ಟರಾಗ ಕೆರೆದ್ರ ಮುಗೀತು," ಎನ್ನುವರು.

ಬ್ಲೇಡಿನ ಕಾಲವನ್ನು ನಾನು ನೋಡಿದವಳಲ್ಲ, ಅವರ ಬಾಯಿಂದ ಕೇಳಿದವಳು. ೧೯೯೭ರಲ್ಲಿ ನಾನು ಪುಣೆ ಕ್ಯಾಂಪಿನ ಆ ಡ್ರಾಯಿಂಗ್ ಆಫೀಸಿಗೆ ಸೇರುವ ಹೊತ್ತಿಗೆ ದೊಡ್ಡ ಮರದ ಬೋರ್ಡುಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮೇಲಿನ ಮಹಡಿ ನಮ್ಮದು. ಮೂರು ಕಂಪ್ಯೂಟರು, ಮೂರು ಜನ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿ, ಮದುವೆಯಾಗಿ ಪುಣೆಗೆ ಬಂದ ನಾನು. ಸೊಲ್ಲಾಪುರದ ಸ್ವಪ್ನಿಲ್, ಮನೆಮಾತು ಮರಾಠಿಯಾದರೂ ಕನ್ನಡ ಪಟಪಟ ಬರುತ್ತಿತ್ತು. ಮತ್ತೆ ಕಾಕಾ. ಸಾಹೇಬರು ಮೂಲೆಯ ಗಾಜಿನ ಕೋಣೆಯಲ್ಲಿ ಫೋನಿಗೆ ಅಂಟಿಕೊಂಡಿರುತ್ತಿದ್ದರು.

ಕಾಕಾ ರಾಮದುರ್ಗದ ಕಡೆಯವರು. ಹದಿನೆಂಟನೇ ವಯಸ್ಸಿಗೆ, ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ ಸರ್ಟಿಫಿಕೇಟನ್ನು ಧೋತರದ ಗಂಟಿನಲ್ಲಿ ಕಟ್ಟಿಕೊಂಡು, ಇಲ್ಲಿ ಬಟ್ಟೆ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಸೋದರಮಾವನ ಬಳಿಗೆ ಬಂದವರು. ಮೊದಲು ಟ್ರೇಸರ್, ಆಮೇಲೆ ಡ್ರಾಫ್ಟ್ಸ್‌ಮನ್. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತದ್ದಕ್ಕೆ ಬಲ ಹೆಗಲು ಎಡ ಹೆಗಲಿಗಿಂತ ಒಂದು ಬೆರಳು ಕೆಳಗಿತ್ತು. ಕಂಪ್ಯೂಟರು ಬಂದಾಗ ಅವರಿಗೆ ಐವತ್ತೊಂದು. ಕಾಕಾ ಇನ್ನು ದಾಪೋಡಿಯ ಮನೆಯಲ್ಲೇ ಕೂರುತ್ತಾರೆ ಎಂದು ಎಲ್ಲರೂ ಅಂದುಕೊಂಡರಂತೆ. ಅವರು ಮಾಡಿದ್ದು ಬೇರೆ. ಕಂಪ್ಯೂಟರಿನ ಜೊತೆ ಬಂದ ಇಟ್ಟಂಗಿಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವನ್ನು ಮನೆಗೆ ಹೊತ್ತೊಯ್ದು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಎಂಟು ತಿಂಗಳಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ನಾವೆಲ್ಲ ಬೆರಳಿನಿಂದ ಕಲಿತದ್ದನ್ನು ಅವರು ಕಣ್ಣಿನಿಂದ ಕಲಿತರು.

ಓದಿದ್ದನ್ನು ಒಂದು ಕೆಂಪು ರಟ್ಟಿನ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು. ಅದರಲ್ಲಿ ಕಮಾಂಡುಗಳು ಎ, ಬಿ, ಸಿ ಪ್ರಕಾರ ಇರಲಿಲ್ಲ, ಎಡವಟ್ಟುಗಳ ಪ್ರಕಾರ ಇದ್ದವು. 'ಗೆರಿ ಕಾಣವಲ್ದು' ಅಂತ ಒಂದು ಪುಟ. 'ಅಕ್ಷರ ಭಾಳ ಸಣ್ಣು ಬಂದ್ರ' ಅಂತ ಇನ್ನೊಂದು.

"ಕಾಕಾರ ಡೈರಿ ಡಾಕ್ಟರ್ ಪುಸ್ತಕ ಇದ್ದಂಗ ಅದ. ಬರೇ ರೋಗ ಬರದಾರ," ಎಂದು ಸ್ವಪ್ನಿಲ್ ನಗುತ್ತಿದ್ದ.

"ಆರಾಮಿದ್ದಾಗ ಯಾಂವ ಪುಸ್ತಕ ತಗೀತಾನಲೇ?" ಎನ್ನುತ್ತಿದ್ದರು ಕಾಕಾ.

ನೀಲಿ ಪೆನ್ಸಿಲಿನ ಪದ್ಧತಿಯನ್ನೂ ಅವರು ಕಂಪ್ಯೂಟರಿನೊಳಗೆ ತಂದಿದ್ದರು. ಅಲ್ಲಿ ಚಿತ್ರವನ್ನು ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ ಲೇಯರುಗಳಲ್ಲಿ ಬರೆಯುತ್ತೇವೆ: ಗೋಡೆಗೊಂದು, ಪೈಪಿಗೊಂದು, ಅಳತೆಗೊಂದು. ಕಾಕಾ ಪ್ರತಿ ಡ್ರಾಯಿಂಗಿನಲ್ಲೂ 'ಕಸ' ಎಂಬ ಹೆಸರಿನ ಕೆಂಪು ಬಣ್ಣದ ಲೇಯರ್ ಒಂದನ್ನು ಮಾಡಿಸಿದ್ದರು. ತಪ್ಪಾದದ್ದನ್ನು ಅಳಿಸಬಾರದು, ಕಸಕ್ಕೆ ಕಳಿಸಬೇಕು. ಸಂಜೆ ಚಹಾ ಆದಮೇಲೆ ಅವರು ಬಂದು ನೋಡಿ, ಹೂಂ ಅಂದ ಮೇಲೆ, ದಿನಕ್ಕೊಂದೇ ಸಲ ಎಲ್ಲವನ್ನೂ ಒಟ್ಟಿಗೆ ಅಳಿಸಬೇಕು. ಸ್ವಪ್ನಿಲ್‌ಗೆ ಇದು ತಲೆನೋವು. ನನಗೆ ಮಾತ್ರ, ಹೇಳಿಕೊಳ್ಳದಿದ್ದರೂ, ಹಿತವಾಗಿತ್ತು. ಅಳಿಸುವುದೆಂದರೆ ನನಗೆ ಮೊದಲಿನಿಂದ ಹೆದರಿಕೆ.

ನನಗೆ ಎಲ್ಲದರದ್ದೂ ಹೆದರಿಕೆಯೇ. ಮಗಳು ಸಪ್ನಾ ಹುಟ್ಟಿದ ಮೇಲಂತೂ ಅದು ಹೆಚ್ಚಾಗಿತ್ತು. ಆರು ತಿಂಗಳ ಕೂಸನ್ನು ನೀತಾ ವಹಿನಿಯ ಪಾಳಣಾಘರದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಬಿಟ್ಟು ಕೆಲಸಕ್ಕೆ ಮರಳಿದ್ದೆ. ವಹಿನಿ ಒಳ್ಳೆಯ ಹೆಂಗಸು, ಐದು ಕೂಸುಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿದ್ದರು. ಆದರೂ ಹನ್ನೊಂದಕ್ಕೊಂದು, ಒಂದಕ್ಕೊಂದು, ಮೂರಕ್ಕೊಂದು ಫೋನ್ ಮಾಡದಿದ್ದರೆ ನನ್ನ ಕೈ ಮೌಸಿನ ಮೇಲೆ ನಿಲ್ಲುತ್ತಿರಲಿಲ್ಲ. ಐದೈದು ನಿಮಿಷಕ್ಕೆ ಫೈಲನ್ನು ಸೇವ್ ಮಾಡುತ್ತಿದ್ದೆ. "ಕೂಸು ಉಸರಾಡತದೋ ಇಲ್ಲೋ ಅಂತ ಎದ್ದೆದ್ದು ನೋಡ್ತಿಯಲ್ಲ, ಹಂಗ ಫೈಲೂ ನೋಡ್ತಿ," ಎಂದು ನನ್ನ ಗಂಡ ಚನ್ನವೀರ ಚಾಷ್ಟಿ ಮಾಡುತ್ತಿದ್ದರು. ಕಾಕಾ ಚಾಷ್ಟಿ ಮಾಡಲಿಲ್ಲ. ಅವರ ಹೆಂಡತಿ ಕಲ್ಲವ್ವ ಕಾಕೂ ಪ್ರತಿ ಸೋಮವಾರ ಅವರ ಡಬ್ಬಿಯ ಜೊತೆ ನನಗೆಂದು ಅಂಟಿನುಂಡಿ ಕಳಿಸುತ್ತಿದ್ದರು. "ಹಾಲು ಕುಡಸಾಕಿ ಅದಿ, ಹಸದು ಕುಂಡ್ರಬ್ಯಾಡ," ಎಂದು ಡಬ್ಬಿಯನ್ನು ಕೀಬೋರ್ಡಿನ ಪಕ್ಕ ಇಟ್ಟು ಹೋಗುವರು ಕಾಕಾ.

ಈಗ ಆ ಸೋಮವಾರದ ಮಾತು. ೧೯೯೮ರ ಜುಲೈ.

ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ದೊಡ್ಡ ಪ್ರೆಸ್ ಯಂತ್ರವೊಂದನ್ನು ಕೂರಿಸುವುದಿತ್ತು. ನೆಲದಲ್ಲಿ ಇಪ್ಪತ್ನಾಲ್ಕು ತೂತು ಕೊರೆದು ಬೋಲ್ಟ್ ಹಾಕಬೇಕು. ಅದೇ ನೆಲದ ಕೆಳಗೆ ಹಳೆಯ ವಿದ್ಯುತ್ ಕೇಬಲ್ ಒಂದು ಅಂಕುಡೊಂಕಾಗಿ ಹಾದುಹೋಗಿತ್ತು. ಪಕ್ಕದ ಶೆಡ್ಡಿಗೆ ಕರೆಂಟು ಹೋಗುವುದು ಅದರಿಂದಲೇ, ಬಂದ್ ಮಾಡುವಂತಿಲ್ಲ. ಹಳೆಯ ನಕ್ಷೆ ಯಾರ ಬಳಿಯೂ ಇಲ್ಲ. ಶುಕ್ರವಾರ ಅಲ್ಲಿನವರು ನೆಲ ಅಗೆದು ಕೇಬಲ್ ತೆರೆದು ತೋರಿಸಿದ್ದರು. ಕಾಕಾ ಸೋರುವ ಶೆಡ್ಡಿನಲ್ಲಿ ಮೊಣಕಾಲೂರಿ, ಟೇಪ್ ಹಿಡಿದು, ಅದರ ಏಳೂ ತಿರುವುಗಳನ್ನು ಅಳೆದು ಬಂದಿದ್ದರು. ಬರೆದುಕೊಂಡದ್ದು ಶಾಯಿ ಪೆನ್ನಿನಲ್ಲಿ. ಬಾಲ್‌ಪೆನ್ ಅವರಿಗೆ ಸೇರದು. ಶನಿವಾರ ಆ ತೊಯ್ದ ಟಿಪ್ಪಣಿ ಪುಸ್ತಕ ನೋಡಿ, ಅಳಿಸಿಹೋಗುತ್ತಿದ್ದ ಅಂಕಿಗಳನ್ನು ನೆನಪಿನಿಂದ ತುಂಬಿಕೊಂಡು, ಕೇಬಲ್ಲನ್ನು ಹಳದಿ ಗೆರೆಯಾಗಿ ಕಂಪ್ಯೂಟರಿಗೆ ಹಾಕಿದ್ದರು. ಭಾನುವಾರ ಕಾರ್ಖಾನೆಯವರು ನೆಲ ಮುಚ್ಚಿ ಕಾಂಕ್ರೀಟ್ ಎಳೆದರು. ಸೋಮವಾರದ ಹೊತ್ತಿಗೆ ಪುಸ್ತಕದ ಪುಟದಲ್ಲಿ ನೀಲಿ ಕಲೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಆ ಕೇಬಲ್ ಎಲ್ಲಿದೆ ಎಂದು ಬಲ್ಲದ್ದು ನನ್ನ ಕಂಪ್ಯೂಟರಿನ ಆ ಒಂದು ಹಳದಿ ಗೆರೆ ಮಾತ್ರ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೊರೆಯುವ ಕೆಲಸ ಶುರು. ಸೋಮವಾರ ಐದು ಗಂಟೆಗೆ ಅವರ ಮನುಷ್ಯ ಬಂದು ಡ್ರಾಯಿಂಗ್ ಒಯ್ಯುವುದೆಂದು ಮಾತಾಗಿತ್ತು. ನೆಲದ ಮೇಲೆ ಅಳತೆಯ ಗುರುತು ಹಾಕಿಸಲು ಕಾಕಾ ಮುಂಜಾನೆಯೇ ಲೋಕಲ್ ಹಿಡಿದು ತಳೇಗಾಂವಕ್ಕೆ ಹೋಗಿದ್ದರು.

ಸಪ್ನಾಳಿಗೆ ಶನಿವಾರ ಲಸಿಕೆ ಹಾಕಿಸಿದ್ದೆ, ಸೋಮವಾರ ಬೆಳಿಗ್ಗೆಯೂ ಮೈ ಬೆಚ್ಚಗಿತ್ತು. "ಕಾಹೀ ನಾಹೀ, ಉದ್ಯಾ ಬರಂ ಹೋಈಲ," ನಾಳೆ ಆರಾಮಾಗ್ತದೆ ಅಂದರು ವಹಿನಿ. ನಾನು ಅರ್ಧ ಜೀವವನ್ನು ಅಲ್ಲೇ ಬಿಟ್ಟು ಆಫೀಸಿಗೆ ಬಂದೆ. ಸಂಜೆ ಒಂದು ನಿಮಿಷವೂ ತಡವಾಗಬಾರದು ಎಂಬುದೊಂದೇ ತಲೆಯಲ್ಲಿ. ಡ್ರಾಯಿಂಗ್ ತೆರೆದರೆ ಶನಿವಾರದ ಕಸವೆಲ್ಲ ಹಾಗೇ ಇದೆ. ಪರದೆ ತುಂಬ ಕೆಂಪು. ನಮ್ಮ ಕಂಪ್ಯೂಟರೋ, ಒಂದು ಸಲ ಚಿತ್ರ ಸರಿಸಿದರೆ ಒಂದು ಗುಟುಕು ನೀರು ಕುಡಿದು ಬರಬಹುದು. ಸಂಜೆವರೆಗೆ ಕಾಯುವುದೇಕೆ, ಈಗಲೇ ಕಸ ತೆಗೆದರೆ ಕೆಲಸ ಬೇಗ ಸಾಗುತ್ತದೆ ಅನಿಸಿತು. ಬೇಕಾದ ಲೇಯರುಗಳನ್ನೆಲ್ಲ ಆಫ್ ಮಾಡಿದೆ. ಪರದೆಯ ಮೇಲೆ ಕೆಂಪು ಕಸವೊಂದೇ ಉಳಿಯಿತು. ಇರೇಸ್ ಕಮಾಂಡ್ ಕೊಟ್ಟು 'ಆಲ್' ಎಂದು ಒತ್ತಿದೆ. ಪರದೆ ಸ್ವಚ್ಛ ಕಪ್ಪಾಯಿತು. ಎಷ್ಟು ಹಾಯೆನಿಸಿತು!

ಆ ಕಪ್ಪಿನಲ್ಲಿ ಮಧ್ಯಾಹ್ನದವರೆಗೆ ಹೊಸ ಯಂತ್ರದ ತಳದ ಪ್ಲೇಟು, ಇಪ್ಪತ್ನಾಲ್ಕು ತೂತುಗಳು, ಅವುಗಳ ಪಟ್ಟಿ ಎಲ್ಲ ಬರೆದೆ. ಕಾಕಾ ಇಲ್ಲದಾಗ ಪದ್ಧತಿ ಮುರಿದದ್ದು ಮನಸ್ಸನ್ನು ಚುಚ್ಚುತ್ತಿತ್ತು. ಅದಕ್ಕೇ ಏನೋ, ಆಮೇಲೆ ತಪ್ಪಾದ ಒಂದೊಂದನ್ನೂ ಭಕ್ತಿಯಿಂದ ಕಸಕ್ಕೆ ಕಳಿಸಿದೆ. ಐದೈದು ನಿಮಿಷಕ್ಕೆ ಸೇವ್ ಮಾಡಿದೆ.

ಮೂರು ಗಂಟೆಗೆ, ಇನ್ನು ಕೇಬಲ್ಲಿನ ಮೇಲೆ ತೂತುಗಳನ್ನು ಕೂರಿಸಿ ನೋಡೋಣವೆಂದು ಲೇಯರುಗಳನ್ನೆಲ್ಲ ಆನ್ ಮಾಡಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಮಾಡಿದೆ. ಗೋಡೆ, ಕಂಬ, ಕೇಬಲ್ ಎಂದು ಲೇಯರಿನ ಹೆಸರುಗಳೆಲ್ಲ ಪಟ್ಟಿಯಲ್ಲಿ ಇದ್ದವು. ಒಳಗೆ ಒಂದು ಗೆರೆಯೂ ಇರಲಿಲ್ಲ.

"ಸ್ವಪ್ನಿಲ್," ಅಂದೆ. ದನಿ ನನ್ನದು ಅನಿಸಲಿಲ್ಲ.

ಅವನು ಕುರ್ಚಿಯನ್ನು ಉರುಳಿಸಿಕೊಂಡೇ ಬಂದ. ಕೇಳಿದ. ತಲೆ ಮೇಲೆ ಕೈ ಇಟ್ಟುಕೊಂಡ. "ಅಕ್ಕಾ, ಆಫ್ ಮಾಡಿದ್ರ ಕಾಣೂದಿಲ್ಲ ಅಷ್ಟ. ಆಲ್ ಅಂದ್ರ ಅದು ಕಾಣಲಾರದ್ದನ್ನೂ ಹಿಡದು ಅಳಸ್ತದ. ಫ್ರೀಜ್ ಮಾಡಬೇಕಿತ್ತು. ಫ್ರೀಜ್ ಮಾಡಿದ್ದನ್ನ ಮುಟ್ಟೂದಿಲ್ಲ."

"ಹಿಂದಕ್ಕ ಹೋಗು. ಅಂಡೂ ಮಾಡು."

"ಎಲ್ಲಿ ಹೋಗಲಿ? ಒಂದ ಹೆಜ್ಜಿ ಹೋಗ್ತದ." ಡಿಸ್ಕ್ ತುಂಬುತ್ತದೆಂದು ಅಂಡೂವನ್ನು ಒಂದೇ ಹೆಜ್ಜೆಗೆ ಕಟ್ಟಿಹಾಕಿದ್ದವನು ಅವನೇ. ಹೇಳಿ ಅವನೂ ತುಟಿ ಕಚ್ಚಿಕೊಂಡ. "ಹಳೇ ಫೈಲ್ ತಗೀತೀನಿ ತಡಿ. ಒಂದು ಸೇವ್ ಹಿಂದಿಂದು ಬ್ಯಾಕಪ್ ಇರ್ತದ."

ಒಂದು ಸೇವ್ ಹಿಂದಿನದು! ನಾನು ಬೆಳಿಗ್ಗೆಯಿಂದ ಎಷ್ಟು ಸಲ ಸೇವ್ ಮಾಡಿದ್ದೇನೆಂದು ದೇವರೇ ಬಲ್ಲ. ಬ್ಯಾಕಪ್ಪಿನಲ್ಲಿ ಇರುವುದು ಐದು ನಿಮಿಷದ ಹಿಂದಿನ ಬರಿ ಕತ್ತಲೆ. ಶನಿವಾರ ಸಂಜೆ ಫ್ಲಾಪಿಗೆ ನಕಲು ಹಾಕಲು ಕಾಕಾ ಹೇಳಿದ್ದರು. ಲಸಿಕೆಗೆ ಹೊತ್ತಾಯಿತೆಂದು, ಸೋಮವಾರ ಹಾಕಿದರಾಯಿತೆಂದು ಓಡಿಹೋಗಿದ್ದೆ.

ಅಷ್ಟರಲ್ಲಿ ಫ್ಯಾನು ನಿಂತಿತು. ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಅದರ ಜೀವ ಹೆಚ್ಚೆಂದರೆ ಹತ್ತು ನಿಮಿಷ.

"ಬಂದ್ ಮಾಡು ಅಕ್ಕಾ, ಮಾಡಿದ್ದರ ಉಳೀಲಿ. ಕೇಬಲ್ಲಿಂದು ಸಾಹೇಬ್ರಿಗೆ ಹೇಳೂಣು. ಹೊಳ್ಳಿ ನೆಲಾ ಅಗೀಲಿ."

ನಿನ್ನೆ ಎಳೆದ ಕಾಂಕ್ರೀಟನ್ನು ನನಗೋಸ್ಕರ ಯಾರು ಅಗೆಯುತ್ತಾರೆ? ಅಂದಾಜಿನಲ್ಲಿ ಕೊರೆದುಬಿಟ್ಟರೆ? ಡ್ರಿಲ್ ಹಿಡಿದು ಮೊಣಕಾಲೂರಿದ ಯಾರೋ ಒಬ್ಬನ ಬೆನ್ನು ಕಣ್ಣಮುಂದೆ ಬಂತು, ಮುಖ ಬರಲಿಲ್ಲ. ಮುಚ್ಚುವ ಗುಂಡಿಯ ಮೇಲೆ ಬಾಣ ತಂದಿದ್ದೆ.

"ಏನಾಗೇದ?"

ಬಾಗಿಲಲ್ಲಿ ಕಾಕಾ. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ಯಾಂಟು ಮೊಣಕಾಲಿನತನಕ ಕೆಂಪು ಮಣ್ಣು.

ಹೇಳಿದೆ. ಹೇಗೆ ಹೇಳಿದೆನೋ, ಮಧ್ಯದಲ್ಲಿ ಸಪ್ನಾಳ ಜ್ವರವೂ ಬಂತು, ಲಸಿಕೆಯೂ ಬಂತು. ಕಾಕಾ ಬೈಯಲಿಲ್ಲ. ಕೊಡೆಯನ್ನು ಮೂಲೆಗಿಟ್ಟು, ಕೈ ಒರೆಸಿಕೊಂಡು ಹತ್ತಿರ ಬಂದರು.

"ಫೈಲ್ ಮುಚ್ಚೀ ಏನು?"

"ಇಲ್ರಿ. ಈಗ ಮುಚ್ಚವಳಿದ್ದೆ."

"ಮುಚ್ಚಬ್ಯಾಡ. ಮೌಸ್ ಬಿಡು. ಕೈ ಮಡಿಚಿ ಇಟ್ಕೋ."

"ಕಾಕಾ, ಯುಪಿಎಸ್ ಹೊಂಟದ," ಅಂದ ಸ್ವಪ್ನಿಲ್.

"ಒದರ್ಲಿ. ನೀನೂ ಅದರ ಜೋಡಿ ಒದರಬ್ಯಾಡ." ಮತ್ತೆ ನನ್ನ ಕಡೆ ತಿರುಗಿದರು. "ಮುಂಜಾನೆ ಅಳಿಸಿದ ಮ್ಯಾಲ ಇನ್ನೇನರ ಅಳಿಸೀ ಏನು? ಒಂದು ಚಿಕ್ಕಿಯಷ್ಟರ?"

"ಇಲ್ಲ ಅನಸ್ತದ್ರಿ."

"ಅನಸೂದು ಬ್ಯಾಡ."

"ಗೊತ್ತಿಲ್ರಿ ಕಾಕಾ. ಖರೇನ ಗೊತ್ತಿಲ್ರಿ." ಬೆಳಿಗ್ಗೆಯಿಂದ ಏನು ಮಾಡಿದ್ದೆ, ಎಷ್ಟು ಸಲ ಫೋನಿಗೆ ಎದ್ದಿದ್ದೆ, ಕೈ ತಾನಾಗಿ ಎಲ್ಲಿ ಏನು ಒತ್ತಿತ್ತು, ಯಾವುದೂ ನೆನಪಿಗೆ ಬರಲಿಲ್ಲ.

"ಕಸ ಇರ್ಬೇಕಲ್ಲ. ಎಲ್ಲೆಲ್ಲಿ ಬಿದ್ದದ ತೋರಸು."

ತಪ್ಪಾಗಿ ಎಳೆದವು ಪ್ಲೇಟಿನ ಸುತ್ತ ಕೆಂಪಗೆ ಬಿದ್ದಿದ್ದವು. ಕಾಕಾ ಒಂದೊಂದನ್ನೂ ಬೆರಳಿಟ್ಟು ಕೇಳಿದರು. ಇದು? ಪ್ಲೇಟಿನ ಅಂಚು, ಹತ್ತು ಮಿಲಿಮೀಟರ್ ಹೆಚ್ಚಾಗಿತ್ತು. ಇದು? ಪಟ್ಟಿಯ ಗೆರೆ, ಎರಡು ಸಲ ಬಿದ್ದಿತ್ತು. ಈ ಎರಡು ಸುತ್ತು? ತೂತಿನ ಅಳತೆ ತಪ್ಪಿತ್ತು. ಒಟ್ಟು ಹನ್ನೊಂದು. ಹೇಳುತ್ತ ಹೋದಂತೆ ಬೆಳಗಿನ ಕೆಲಸವೆಲ್ಲ ಸಾಲಾಗಿ ನೆನಪಿಗೆ ಬಂತು. ನಾನು ಮಾಡಿದ ತಪ್ಪು ಒಂದೂ ತಪ್ಪದೆ ಅಲ್ಲೇ ಇತ್ತು.

"ಅಂದ್ರ ಆಮ್ಯಾಲ ಏನೂ ಅಳಿಸಿಲ್ಲ," ಅಂದರು ಕಾಕಾ. ಉಸಿರು ಬಿಟ್ಟರು. ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕೆಂಪು ಡೈರಿ ತೆಗೆದರು. ಯುಪಿಎಸ್ ಈಗ ಬಿಡುವಿಲ್ಲದೆ ಕೂಗುತ್ತಿತ್ತು. ಕನ್ನಡಕದ ಗಾಜು ಮಂಜಾಗಿತ್ತು, ತೆಗೆದು ಒರೆಸಿದರು. ನನಗೆ ಕೂಗಿಬಿಡಬೇಕು ಅನಿಸಿತು. ಒರೆಸಿ, ಹಾಕಿಕೊಂಡು, ಪುಟ ತಿರುವಿದರು. 'ಗೆರಿ ಕಾಣವಲ್ದು' ಹೋಯಿತು. 'ಪ್ಲಾಟರ್ ಹಾಳಿ ನುಂಗಿದ್ರ' ಹೋಯಿತು. 'ತಪ್ಪಿ ಅಳಿಸಿದ್ರ' ಎಂಬಲ್ಲಿ ನಿಂತರು. ಬೆರಳಿಟ್ಟು ಗಟ್ಟಿಯಾಗಿ ಓದಿದರು.

"ಊಪ್ಸ್. ಕಡೇ ಸಲ ಅಳಿಸಿದ್ದು ಹೊಳ್ಳಿ ಬರ್ತದ. ನಡುವ ಮಾಡಿದ ಕೆಲಸ ಕೆಡೂದಿಲ್ಲ. ಕಡೇ ಸಲದ್ದು ಮಾತ್ರ. ಫೈಲ್ ಮುಚ್ಚಿದ್ರ ಇಲ್ಲ." ನನ್ನ ಮುಖ ನೋಡಿದರು. "ನೀನ ಒತ್ತು."

"ನನ್ನ ಕೈ ನಡಗಾಕತ್ತಾವ್ರಿ."

"ನಾಕ ಅಕ್ಷರ ಅದಾವ. ನಡಗಕೋತನ ಒತ್ತು."

ಓ, ಓ, ಪಿ, ಎಸ್. ಎಂಟರ್.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಶನಿವಾರದ ಕಸ ಕೆಂಪಗೆ ಚೆಲ್ಲಿಕೊಂಡಿತು. ಅಷ್ಟು ಚಂದದ ಕಸವನ್ನು ನಾನು ಎಲ್ಲೂ ಕಂಡಿಲ್ಲ. ಅದರ ಹಿಂದೆಯೇ ಗೋಡೆಗಳು, ಕಂಬಗಳು, ಕೊನೆಗೆ, ಕಂಪ್ಯೂಟರು ಯೋಚಿಸಿ ಯೋಚಿಸಿ ಎಳೆದಂತೆ, ಹಳದಿ ಕೇಬಲ್. ನನ್ನ ಪ್ಲೇಟು, ತೂತುಗಳು ಅಲುಗದೆ ತಮ್ಮ ಜಾಗದಲ್ಲೇ ಇದ್ದವು.

ಕಾಕಾ ಪರದೆಯ ಮೇಲೆ ಬೆರಳಾಡಿಸಿ ಕೇಬಲ್ಲಿನ ತಿರುವುಗಳನ್ನು ಎಣಿಸಿದರು. "ಪಂಪಿನ ಹತ್ರ ಒಂದು. ಕಂಬದ ಹಿಂದ ಎರಡು. ಗಟಾರದ ಕಡೆ ಮೂರು..." ಏಳಕ್ಕೆ ಬಂದು ನಿಂತರು. "ಅದ. ಎಲ್ಲಾ ಅದ. ಸೇವ್ ಮಾಡು. ಫ್ಲಾಪಿ ಹಾಕು. ಎರಡು ಹಾಕು."

ಎರಡನೇ ಫ್ಲಾಪಿ ಹೊರಗೆ ಬಂದದ್ದೇ ಯುಪಿಎಸ್ ಸತ್ತಿತು. ಪರದೆ ಆರಿತು. ಒಮ್ಮೆಲೇ ಆಫೀಸಿನಲ್ಲಿ ಮಳೆಯ ಸದ್ದು ಕೇಳಿಸಿತು. ನಾನು ಎರಡೂ ಫ್ಲಾಪಿಗಳನ್ನು ಎದೆಗವಚಿಕೊಂಡು ಅಲ್ಲೇ ಅತ್ತುಬಿಟ್ಟೆ.

"ಇಂಥಾ ಕಮಾಂಡೂ ಅದ ಏನ್ರಿ ಕಾಕಾ? ನಮ್ಮ ಕ್ಲಾಸಿನ್ಯಾಗ ಕಲಿಸಿಲ್ಲ ಬಿಡ್ರಿ," ಅಂದ ಸ್ವಪ್ನಿಲ್.

"ನಿಮ್ಮ ಕ್ಲಾಸಿನ್ಯಾಗ ಯಾರೂ ತಪ್ಪು ಮಾಡೂದಿಲ್ಲ ಕಾಣ್ತದ." ಕಾಕಾ ಡಬ್ಬಿ ತೆಗೆದರು. ಒಂದು ಅಂಟಿನುಂಡಿ ನನ್ನ ಮುಂದಿಟ್ಟರು. "ಮುಂಜಾನಿಂದ ತಿಂದಿಲ್ಲ ನೀ. ತಿನ್ನು. ನಿಮ್ಮ ಕಾಕೂ ಡಬ್ಬಿ ಎಣಿಸಿ ನೋಡ್ತಾಳ."

ನಾಲ್ಕಕ್ಕೆ ಕರೆಂಟು ಬಂತು. ಹಳದಿ ಗೆರೆಯ ಮೇಲೆ ತೂತುಗಳನ್ನು ಕೂರಿಸಿದೆ. ಒಂಬತ್ತನೆಯ ತೂತು ನೇರ ಕೇಬಲ್ಲಿನ ಮೇಲೆಯೇ ಇತ್ತು. ಅಂದಾಜಿನಲ್ಲಿ ಕೊರೆದಿದ್ದರೆ ಎಂದು ಬಾಯಿಬಿಡಲು ಹೋದೆ. "ಅನ್ನಬ್ಯಾಡ. ಪ್ಲೇಟು ಸರಸು," ಅಂದರು ಕಾಕಾ. ಯಂತ್ರ ಕಳಿಸಿದವರಿಗೆ ಸಾಹೇಬರು ಫೋನ್ ಹಚ್ಚಿ ಕೇಳಿದರು. ಪ್ಲೇಟನ್ನು ಒಟ್ಟಾರೆ ಒಂದು ಗೇಣು ಪಕ್ಕಕ್ಕೆ ಸರಿಸಬಹುದೆಂದು ಗೊತ್ತಾಯಿತು. ಸರಿಸಿದೆವು. ಇಪ್ಪತ್ನಾಲ್ಕೂ ತೂತುಗಳು ಹಳದಿ ಗೆರೆಯಿಂದ ದೂರ ನಿಂತವು. ಐದೂ ಹತ್ತಕ್ಕೆ ತಳೇಗಾಂವದ ಮನುಷ್ಯ ಸುರುಳಿಯನ್ನು ರೇನ್‌ಕೋಟಿನೊಳಗೆ ತೂರಿಸಿಕೊಂಡು ಹೋದ.

ನಾನು ಪಾಳಣಾಘರಕ್ಕೆ ಓಡಿದಾಗ ಆರು ದಾಟಿತ್ತು. ಸಪ್ನಾ ಸ್ಟೀಲಿನ ವಾಟಿಯೊಂದನ್ನು ನೆಲಕ್ಕೆ ಬಡಿಯುತ್ತ ಕೂತಿದ್ದಳು. ಹಣೆ ಮುಟ್ಟಿದೆ, ತಣ್ಣಗಿತ್ತು. ಇನ್ನೊಮ್ಮೆ ಮುಟ್ಟಿದೆ. "ದುಪಾರೀಚ ಉತರಲಾ," ಮಧ್ಯಾಹ್ನವೇ ಇಳೀತು ಅಂದರು ವಹಿನಿ. ಆ ದಿನ ಮೂರರ ಫೋನನ್ನು ನಾನು ಮಾಡಿರಲೇ ಇಲ್ಲ.

ಮರುದಿನ ಮಧ್ಯಾಹ್ನ ತಳೇಗಾಂವದಿಂದ ಫೋನ್ ಬರುವವರೆಗೆ ಕಾಕಾ ಒಂದು ಗೆರೆಯನ್ನೂ ಎಳೆಯಲಿಲ್ಲ. ಪೆನ್ಸಿಲು ಚೂಪು ಮಾಡುತ್ತ ಕೂತಿದ್ದರು. ಸಾಹೇಬರು ಗಾಜಿನ ಕೋಣೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಇಪ್ಪತ್ನಾಲ್ಕೂ ಕೊರೆದಾಗಿತ್ತು. ಪಕ್ಕದ ಶೆಡ್ಡಿನ ದೀಪ ಒಂದು ಸಲವೂ ಮಿಣುಕಿರಲಿಲ್ಲ. ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು, ಡೈರಿ ತೆಗೆದು, ಏನೋ ಬರೆದು ಮುಚ್ಚಿಟ್ಟರು. ಆ ಪುಟದಲ್ಲಿ ನನ್ನ ಹೆಸರು ಕೂತಿತು, ಇನ್ನು ಆಫೀಸಿಗೆ ಬರುವ ಹೊಸಬರೆಲ್ಲ ಓದುತ್ತಾರೆ ಎಂದು ನಾನು ಎಷ್ಟೋ ದಿನ ಒಳಗೊಳಗೇ ಕುದ್ದೆ. ಕೇಳುವ ಧೈರ್ಯವಾಗಲಿಲ್ಲ.

೨೦೦೩ರಲ್ಲಿ ಕಾಕಾ ನಿವೃತ್ತರಾದರು. ಕೊನೆಯ ದಿನ ಮಧ್ಯಾಹ್ನ ಡೈರಿಯನ್ನು ನನ್ನ ಮೇಜಿನ ಮೇಲಿಟ್ಟು, "ಮನ್ಯಾಗ ಇದರಿಂದ ಏನು ಮಾಡ್ಲಿ? ನಿಮ್ಮ ಕಾಕೂಗ ಊಪ್ಸ್ ನಡಿಯೂದಿಲ್ಲ," ಅಂದರು. ಅವರು ಮೆಟ್ಟಿಲಿಳಿದು ಹೋಗುವವರೆಗೆ ತಡೆದುಕೊಂಡು, 'ತಪ್ಪಿ ಅಳಿಸಿದ್ರ' ಎಂಬ ಪುಟ ತೆಗೆದೆ. ಕೆಳಗೆ ಶಾಯಿ ಪೆನ್ನಿನಲ್ಲಿ ಎರಡು ಸಾಲು ಸೇರಿತ್ತು.

'ಲೇಯರ್ ಆಫ್ ಮಾಡಿ ಆಲ್ ಅನಬಾರದು. ಫ್ರೀಜ್ ಮಾಡಬೇಕು. ಯಾರದರ ಮನ್ಯಾಗ ಕೂಸಿಗೆ ಜ್ವರ ಇದ್ದ ದಿನ ಅಳಿಸೂ ಕೆಲಸ ಅವರಿಗೆ ಹಚ್ಚಬಾರದು.'

ಹೆಸರು ಇರಲಿಲ್ಲ. ಆ ಸಂಜೆ, ನಾಲ್ಕರ ಚಹಾ ಆದಮೇಲೆ, ಹೂಂ ಅನ್ನುವವರಿಲ್ಲದೆ ನಾನೇ ಎರಡೆರಡು ಸಲ ನೋಡಿ, ಅಂದಿನ ಕಸ ತೆಗೆದೆ.